ಚಹಾದ ನಂತರದ ಸೇಡು

೭ ಜನವರಿ ೧೯೭೪, ಸೋಮವಾರ

ಇವತ್ತು ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದೆ. ಗ್ರಾಂಟ್ ರೋಡಿನ ಗಿರಾಕಿಗಳಿಗೆ ಸಹನೆ ಕಡಿಮೆ. ಮೊದಲ ಇಡ್ಲಿ ಅದ್ದಿದವನೇ ಬಟ್ಟಲು ವಾಪಸ್ಸು ಕಳಿಸಿದ. ಹೋಟೆಲಿನ ಧಣಿಗಳು ಒಳಗೆ ಬಂದು ಒಂದು ಚಮಚ ರುಚಿ ನೋಡಿ, "ಪೂವಪ್ಪಣ್ಣ, ಇದನ್ನು ಚೌಪಾಟಿಯ ಸಮುದ್ರದಿಂದ ಮೊಗೆದು ತಂದದ್ದಾ?" ಎಂದರು. ಅಡುಗೆಮನೆಯವರೆಲ್ಲ ನಕ್ಕರು. ಧಣಿಗಳು ಮಾತ್ರ ನಗಲಿಲ್ಲ. ಕಳೆದ ವಾರ ನಾನು ವಡೆಯ ಬಾಣಲೆಯ ಮುಂದೆ ನಿಂತಲ್ಲೇ ತೂಕಡಿಸಿ ಕೈ ಸುಟ್ಟುಕೊಂಡದ್ದನ್ನು ಅವರು ಮರೆತಿಲ್ಲ.

"ನಿದ್ದೆ ಇಲ್ಲದವರನ್ನು ಬೆಂಕಿಯ ಹತ್ತಿರ ನಿಲ್ಲಿಸಲಿಕ್ಕೆ ನನಗೆ ಹೆದರಿಕೆ. ಮಂಡೆಯ ಡಾಕ್ಟರಿಗೆ ತೋರಿಸಿ ಬನ್ನಿ. ಅಲ್ಲಿಯವರೆಗೆ ತರಕಾರಿ ಹೆಚ್ಚಿ," ಎಂದರು. ಮೂರು ಒಲೆ ಒಬ್ಬನೇ ನೋಡಿಕೊಂಡವನಿಗೆ ತರಕಾರಿ.

ಮೊದಲಾದರೆ ಇದನ್ನೆಲ್ಲ ಊರಿನ ತಂಗಿ ಶೀಲಾವತಿಗೆ ಕಾಗದದಲ್ಲಿ ಬರೆಯುತ್ತಿದ್ದೆ. ಶಾಲೆಯ ಮೆಟ್ಟಿಲು ಹತ್ತದ ನಾನು ವಡೆ ಕಟ್ಟಿಕೊಡುವ ಹಳೆಯ ಪತ್ರಿಕೆಗಳನ್ನು ನೋಡಿ ನೋಡಿ ಅಕ್ಷರ ಕಲಿತದ್ದೇ ಅವಳಿಗೆ ಬರೆಯಲಿಕ್ಕೆ. ಈಗ ಬರೆಯುವಂತಿಲ್ಲ. ಮಗನ ಸರ್ವನಾಶ ಬಯಸುವವನು ತಾಯಿಗೆ 'ನಾವೆಲ್ಲ ಕ್ಷೇಮ' ಎಂದು ಹೇಗೆ ಬರೆಯುವುದು? ಹಾಗಾಗಿ ಶೀಲಾ, ನಿನಗೆ ಬರೆಯಬೇಕಾದದ್ದನ್ನು ಇಲ್ಲಿ ಬರೆದು ಮುಚ್ಚಿಡುತ್ತೇನೆ.

ನಡೆದದ್ದು ಇಷ್ಟು. ಹೋದ ವರ್ಷ ನಿನ್ನ ಮಗ ಚೆನ್ನಯ ಗೋರೆಗಾಂವಿನಲ್ಲಿ ಹೋಟೆಲು ತೆರೆದ. ಸೋದರಮಾವನಾದ ನಾನೇ ಮೊದಲ ದಿನದ ಅಡುಗೆಗೆ ನಿಂತೆ. ತೆರೆಯುವ ದಿನ ಬೆಳಿಗ್ಗೆ ಬಸ್ಸಿನಲ್ಲಿ ನಮ್ಮ ಊರಿನ ಹುಡುಗ ಅಂಗಾರ ಬಂದಿಳಿದ. ನಮ್ಮ ಅಮ್ಮ ಹಾಸಿಗೆ ಹಿಡಿದಿದ್ದಾಳೆ, ನನ್ನನ್ನು ಕೇಳುತ್ತಿದ್ದಾಳೆ ಎಂದು ಹೇಳಿಕೊಂಡು ಬಂದವನು ಅವನು. ಚೆನ್ನಯ ಅವನನ್ನು ಬಾಗಿಲಲ್ಲೇ ತಡೆದು, ನಾಳೆಯ ತನಕ ಮಾವನಿಗೆ ಹೇಳಬೇಡ ಎಂದ. ಅಮ್ಮ ನನ್ನ ಹೆಸರು ಕರೆಯುತ್ತಿದ್ದ ಆ ಹೊತ್ತಿನಲ್ಲಿ ನಾನು ಒಳಗೆ ಜಿಲೇಬಿ ಸುತ್ತುತ್ತಿದ್ದೆ. ರಾತ್ರಿ ಜನರೆಲ್ಲ ಹೋದ ಮೇಲೆ ಅಂಗಾರನೇ ತಡೆಯಲಾರದೆ ಬಂದು ಹೇಳಿದ. ಮಾರನೆಯ ದಿನದ ಬಸ್ಸು ಹಿಡಿದು ಮನೆಯಂಗಳಕ್ಕೆ ಕಾಲಿಟ್ಟಾಗ ಬೂದಿ ಇನ್ನೂ ಬಿಸಿಯಿತ್ತು. ಬಾಯಿಗೆ ಕೊನೆಯ ನೀರು ಬಿಟ್ಟದ್ದು ನೆರೆಮನೆಯವನಂತೆ.

ಒಂದು ದಿನ. ಚೆನ್ನಯ ನನ್ನಿಂದ ತೆಗೆದುಕೊಂಡದ್ದು ಆ ಒಂದು ದಿನವನ್ನು.

ಬೊಂಬಾಯಿಗೆ ಮರಳಿದ ದಿನವೇ ಒಂದು ನಾಣ್ಯವನ್ನು ಅರಸಿನ ಬಟ್ಟೆಯಲ್ಲಿ ಕಟ್ಟಿ, ಮನೆದೈವದ ಹೆಸರು ಹೇಳಿ ಅವನ ಮೇಲೆ ದೂರು ಇಟ್ಟೆ. ಅದು ಗೋಡೆಯ ಮೊಳೆಯಲ್ಲಿ ತೂಗುತ್ತಿದೆ. ದೂರು ಇಟ್ಟವನೂ ಇಡಿಸಿಕೊಂಡವನೂ ಕೂಡಿ ಬಿಡಿಸುವ ತನಕ ಒಬ್ಬರ ಕೈಯ ನೀರು ಇನ್ನೊಬ್ಬರು ಮುಟ್ಟುವಂತಿಲ್ಲ. ಮುಟ್ಟುವವರು ಯಾರು? ಅವನ ಕೈಯಲ್ಲಿ ನೀರು ಕುಡಿಯುವುದಕ್ಕಿಂತ ಗಂಟಲು ಒಣಗಿ ಸಾಯುವುದು ಮೇಲು.

೧೦ ಜನವರಿ, ಗುರುವಾರ

ಹೆಂಡತಿ ರಾಜೀವಿ ಸೆರಗು ಹೊದ್ದು ನನಗಿಂತ ಮೊದಲೇ ಹೊರಟಳು. ಬೊರಿವಲಿಯಿಂದ ದೊಡ್ಡಾಸ್ಪತ್ರೆಯ ತನಕ ನಾನು ತಲೆಯೆತ್ತಲಿಲ್ಲ. ಹುಚ್ಚಿನ ವಿಭಾಗದ ಸಾಲಿನಲ್ಲಿ ಊರಿನವರು ಯಾರಾದರೂ ನೋಡಿದರೆ ನಾಳೆ ಮಂಗಳೂರಿನ ತನಕ ಸುದ್ದಿ.

ಎಳೆಯ ಡಾಕ್ಟರ್ ಹಿಂದಿಯಲ್ಲಿ ನಾಲ್ಕು ಮಾತು ಕೇಳಿ, ಕೆಲವೇ ದಿನಕ್ಕೆಂದು ಗುಳಿಗೆ ಬರೆದು, ಬದಿಯ ಕೋಣೆಗೆ ಕಳಿಸಿದ. ಅಲ್ಲಿ ಇಳಕಲ್ ಸೀರೆ ಉಟ್ಟ, ದಪ್ಪ ಕನ್ನಡಕದ ಹೆಂಗಸು. ಹೆಸರು ಇಂದ್ರಾಬಾಯಿ. ಮಾತಿನಿಂದಲೇ ನಿದ್ದೆ ಬರಿಸುವುದನ್ನು ಓದಿ ಬಂದವರಂತೆ. ನನ್ನ ಹೆಸರು ನೋಡಿದ ಕೂಡಲೇ, "ಕನ್ನಡದಾಗ ಮಾತಾಡ್ರಿ ಕಾಕಾ. ನಮ್ಮದು ಬಿಜಾಪುರ," ಎಂದರು.

"ಹಾಸಿಗ್ಯಾಗ ಬಿದ್ದ ಕೂಡ್ಲೆ ಏನು ಯೋಚನಿ ಬರ್ತದ?"

"ಒಬ್ಬನ ಸರ್ವನಾಶದ್ದು."

ನನ್ನ ಮಾತಿಗೆ ಅವರು ಬೆಚ್ಚಬೇಕಿತ್ತು. ಬೆಚ್ಚಲಿಲ್ಲ. "ದಿನಾ ಎಷ್ಟೊತ್ತು ಮಾಡ್ತೀರಿ?" ಎಂದರು.

"ಬೆಳಗಾಗುವ ತನಕ."

"ಅಷ್ಟೊತ್ತು ಹಿಡೀತದೇನ್ರೀ ಒಬ್ಬನ್ನ ನಾಶ ಮಾಡಾಕ?"

ರಾಜೀವಿ ಸೆರಗಿನಲ್ಲಿ ನಕ್ಕಳು. ನಾನು ಎಲ್ಲವನ್ನೂ ಹೇಳಿದೆ, ನಾಣ್ಯದ್ದನ್ನೂ. ಅವರು ಕೇಳಿ ಮುಗಿಸಿ ಹೇಳಿದರು: "ಸೇಡು ಬಿಡ್ರಿ ಅಂತ ನಾ ಹೇಳಂಗಿಲ್ಲ. ಅದು ನಿಮ್ಮ ಮನಿ ಮಾತು. ಆದ್ರ ಹಾಸಿಗಿ ಇರೋದು ನಿದ್ದಿಗೆ. ಸೇಡಿಗೆ ಬ್ಯಾರೆ ಜಾಗಾ ಕೊಡ್ರಿ. ಸಂಜಿ ಚಾ ಕುಡದ ಮ್ಯಾಲ ಒಂದು ಕುರ್ಚಿ ಹಾಕ್ಕೊಂಡು ಕೂಡ್ರಿ. ಅರ್ಧಾ ತಾಸು ಮನಸ್ಸು ತುಂಬ ಸೇಡು ತೀರಸ್ಕೋರಿ. ಬ್ಯಾರೆ ಏನೂ ಮಾಡಬ್ಯಾಡ್ರಿ. ರಾತ್ರಿ ಅದು ಬಂದು ಬಾಗಲಾ ಬಡದ್ರ, ನಾಳೆ ಚಾ ಆದ ಮ್ಯಾಲ ಬಾ ಅನ್ರಿ."

ಮಧ್ಯಾಹ್ನ ಮಲಗುವಂತಿಲ್ಲ. ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟು ಎದ್ದು ಕೂರಬೇಕು, ಬಂದಾಗಲೇ ಮಲಗಬೇಕು. ಇನ್ನೊಂದು ವ್ಯಾಯಾಮ: ಮುಷ್ಟಿ ಬಿಗಿ ಹಿಡಿದು, ಉಸಿರು ಬಿಡುತ್ತ ನಿಧಾನ ಸಡಿಲಿಸುವುದು, ಹಾಗೆಯೇ ಭುಜ, ದವಡೆ, ಕಾಲು. ಮುಷ್ಟಿ ಬಿಗಿಯುವಾಗ ಚೆನ್ನಯನ ಕುತ್ತಿಗೆ ನೆನೆದುಕೊಂಡೆ. ಬಹಳ ಚೆನ್ನಾಗಿ ಬಂತು. ಸಡಿಲಿಸುವುದು ಬರಲಿಲ್ಲ.

೧೧ ಜನವರಿ

ಚಾಳಿನ ಕೋಣೆಗಳ ಮುಂದಿನ ಗ್ಯಾಲರಿಯಲ್ಲಿ ಕುರ್ಚಿ ಹಾಕಿಕೊಂಡು ಸೇಡಿಗೆ ಕುಳಿತೆ. ಸರಕಾರಿ ಆಸ್ಪತ್ರೆಯೇ ಬರೆದುಕೊಟ್ಟ ಮೇಲೆ ಸಂಕೋಚ ಯಾಕೆ. ಇವತ್ತು ಅವನ ಹೋಟೆಲಿಗೆ ಬೀಗ ಬೀಳಿಸಿದೆ. ಅವನು ಬೀದಿಯಲ್ಲಿ ತಟ್ಟೆ ಹಿಡಿದು ನಿಂತ. ನಾನು ನೋಡದವನಂತೆ ಮುಂದೆ ಹೋದೆ.

ಪಕ್ಕದ ಕೋಣೆಯ ರುಕ್ಮಿಣಿಬಾಯಿ ಬಂದು ಏನೋ ಕೇಳಿದರೆ ರಾಜೀವಿ ಅಡ್ಡ ನಿಂತು, "ಈಗ ಮಾತಾಡಿಸಬೇಡಿ. ಡಾಕ್ಟರು ಇವರಿಗೆ ಚಹಾ ಆದ ಮೇಲೆ ಸಿಟ್ಟು ಬರೆದುಕೊಟ್ಟಿದ್ದಾರೆ," ಎಂದಳು.

ರಾತ್ರಿ ನಿದ್ದೆ ಇಲ್ಲ.

೧೭ ಜನವರಿ, ಗುರುವಾರ

ಆಸ್ಪತ್ರೆಯಿಂದ ಬರುವಾಗ ಅಂಗಾರ ಮನೆಯ ಬಾಗಿಲಲ್ಲಿ ಕಾಯುತ್ತಿದ್ದ. ಅವನು ಊರಿಗೆ ಮರಳದೆ ಚೆನ್ನಯನ ಹೋಟೆಲಿನಲ್ಲೇ ಕೆಲಸಕ್ಕೆ ಉಳಿದುಕೊಂಡಿದ್ದಾನೆ. ನನ್ನ ಮುಖ ನೋಡಿ ಮಾತಾಡುವುದಿಲ್ಲ, ನೆಲ ನೋಡಿ ಮಾತಾಡುತ್ತಾನೆ.

"ಮಾರ್ಚಿ ಹತ್ತಕ್ಕೆ ಆದಿತ್ಯವಾರ ಹೋಟೆಲಿಗೆ ವರ್ಷ ತುಂಬ್ತದೆ. ಪೂಜೆ ಉಂಟು. ಊರಿನವರು, ಸಂಘದವರು ಎಲ್ಲ ಬರ್ತಾರೆ. ಪೂವಪ್ಪಣ್ಣ ಬರಲೇಬೇಕು ಅಂತ ಚೆನ್ನಯಣ್ಣ ಹೇಳಿದ್ದಾರೆ."

ಹೋಟೆಲಿಗೆ ವರ್ಷವಂತೆ. ಅಮ್ಮ ಕರೆದದ್ದಕ್ಕೂ ಅದೇ ದಿನ ವರ್ಷ ಎಂದು ಅವನಿಗೆ ನೆನಪಿಲ್ಲವೇ?

"ಬರುತ್ತೇನೆ ಅಂತ ಹೇಳು," ಎಂದೆ. ಅಂಗಾರ ತಲೆಯೆತ್ತಿ ನೋಡಿದ. ರಾಜೀವಿಯೂ ನೋಡಿದಳು.

ಬರುತ್ತೇನೆ ಚೆನ್ನಯ. ಊರಿನವರೆಲ್ಲ ಎಲೆಯ ಮುಂದೆ ಕುಳಿತಾಗ ನಡುವೆ ಎದ್ದು ನಿಲ್ಲುತ್ತೇನೆ. ನೀನು ಮಾಡಿದ್ದನ್ನು ಮೊದಲಿನಿಂದ ಕೊನೆಯ ತನಕ ಹೇಳುತ್ತೇನೆ. ಆಮೇಲೆ ನಿನ್ನ ಹೋಟೆಲಿನಲ್ಲಿ ಯಾರು ಊಟಕ್ಕೆ ಕೈ ತೊಳೆಯುತ್ತಾರೆ ನೋಡುತ್ತೇನೆ.

೧೮ ಜನವರಿ

ಇವತ್ತಿನಿಂದ ಕುರ್ಚಿಯಲ್ಲಿ ಭಾಷಣದ ತಯಾರಿ. ಅವನು ಎಳೆಯವನಾಗಿ ಬೊಂಬಾಯಿಗೆ ಬಂದದ್ದರಿಂದ ಶುರು ಮಾಡಿದೆ. ಮಲಗಲು ಜಾಗವಿಲ್ಲದಾಗ ಹೋಟೆಲಿನ ಮೇಜು ಜೋಡಿಸಿ ನನ್ನ ಮಗ್ಗುಲಲ್ಲಿ ಮಲಗಿಸಿಕೊಂಡದ್ದು, ಅವನಿಗೆ ಟೈಫಾಯ್ಡ್ ಬಂದಾಗ ಗಂಜಿ ಕುಡಿಸಿದ್ದು, ಬಟಾಟೆ ವಡೆಯ ಹದ ಹೇಳಿಕೊಟ್ಟದ್ದು. ಅರ್ಧ ತಾಸು ಸಾಕಾಗಲೇ ಇಲ್ಲ. ಅಮ್ಮನ ವಿಷಯಕ್ಕೆ ಬರುವಷ್ಟರಲ್ಲಿ ರಾಜೀವಿ ಬಂದು, "ಸಮಯ ಆಯಿತು, ಏಳಿ," ಎಂದಳು. ಅವಳಿಗೆ ದಾದಿಯ ಕೆಲಸ ಸಿಕ್ಕಿದಂತೆ ಖುಷಿ.

೨೫ ಜನವರಿ

ನಿದ್ದೆ ಸ್ವಲ್ಪ. ಭಾಷಣ ಜೋರು.

೧ ಫೆಬ್ರವರಿ, ಶುಕ್ರವಾರ

ಅನ್ಯಾಯವಾಯಿತು. ಕಣ್ಣು ಬಿಟ್ಟರೆ ಬಿಸಿಲು. ಗ್ಯಾಲರಿಯಲ್ಲಿ ಹಾಲಿನವನು ಬಂದು ಹೋಗಿದ್ದ, ಮೊದಲ ಲೋಕಲ್ ರೈಲು ಹೋಗಿತ್ತು. ಗುಳಿಗೆ ಬಿಟ್ಟು ವಾರವಾಗಿದೆ. ಹಾಗಿದ್ದೂ ಹೆಣದಂತೆ ಮಲಗಿದ್ದೇನೆ. ರಾಜೀವಿ ಬೇಕೆಂದೇ ಎಬ್ಬಿಸಲಿಲ್ಲ. ಮುಖದಲ್ಲಿ ಮದುವೆಮನೆಯ ಕಳೆ.

"ನನ್ನನ್ನು ಯಾಕೆ ಏಳಿಸಲಿಲ್ಲ?"

"ಎಂತಕ್ಕೆ? ವರ್ಷ ಆಯಿತು ನಿಮ್ಮ ಗೊರಕೆ ಕೇಳದೆ."

ನಾನು ತಟ್ಟೆ ದೂಡಿದೆ. ಅವಳಿಗೆ ಅರ್ಥವಾಗುವುದಿಲ್ಲ. ಶೀಲಾ, ನಿನಗಾದರೂ ಅರ್ಥವಾದೀತೇ? ಅಮ್ಮ ನನ್ನನ್ನು ಕರೆದಳು, ನಾನು ಹೋಗಲಿಲ್ಲ. ಈಗ ನನ್ನಿಂದ ಆಗುವುದು ಒಂದೇ, ಅವಳ ಪರವಾಗಿ ಎಚ್ಚರವಿರುವುದು. ನಾನೂ ಮಲಗಿಬಿಟ್ಟರೆ ಈ ಬೊಂಬಾಯಿಯಲ್ಲಿ ಅವಳ ನ್ಯಾಯಕ್ಕೆ ಎದ್ದಿರುವವರು ಯಾರು? ಆ ಇಂದ್ರಾಬಾಯಿ ಸಿಹಿ ಮಾತಾಡಿ ನನ್ನ ಕಾವಲು ತಪ್ಪಿಸಿದಳು. ಇನ್ನು ಹೋಗುವುದಿಲ್ಲ.

೭ ಫೆಬ್ರವರಿ, ಗುರುವಾರ

ಹೋಗಲಿಲ್ಲ. ಬೇಕೆಂದೇ ಎಚ್ಚರವಿರುತ್ತಿದ್ದೇನೆ. ಕುರ್ಚಿಯನ್ನೂ ಒಳಗಿಟ್ಟೆ, ಸೇಡಿಗೆ ಮೊದಲಿನಂತೆ ಹಾಸಿಗೆಯೇ ಸರಿ. ರಾಜೀವಿ ಹೇಳುತ್ತಾಳೆ: "ನಿದ್ದೆ ಬಂತು ಅಂತ ಡಾಕ್ಟರ ಮೇಲೆ ಸಿಟ್ಟಾಗುವ ರೋಗಿಯನ್ನು ನಾನು ಇದೇ ಮೊದಲು ನೋಡುವುದು."

೧೨ ಫೆಬ್ರವರಿ

ಬೆರಳು ಕುಯ್ದುಕೊಂಡೆ. ಬದನೆಕಾಯಿಯಲ್ಲಿ ರಕ್ತ. ಧಣಿಗಳು ಏನೂ ಹೇಳದೆ ಚೂರಿ ತೆಗೆದಿಟ್ಟರು. ಹೇಳಿದ್ದರೆ ಚೆನ್ನಾಗಿತ್ತು.

೧೪ ಫೆಬ್ರವರಿ, ಗುರುವಾರ

ಹೋದೆ. ಇಂದ್ರಾಬಾಯಿ ಬೆರಳಿನ ಪಟ್ಟಿ ನೋಡಿ, "ಹೋದ ವಾರ ಬರಲಿಲ್ಲಲ್ರೀ ಕಾಕಾ, ಸಿಟ್ಟು ನನ್ನ ಮ್ಯಾಲೂ ತಿರುಗಿತೇನು?" ಎಂದರು. ಹೌದು ಎಂದೆ. ಕಾವಲಿನ ವಿಷಯ ಹೇಳಿದೆ. ಅವರು ಒಂದೇ ಮಾತು ಕೇಳಿದರು.

"ನಿಮ್ಮ ತಾಯಿ ನಿಮ್ಮನ್ನ ಮಲಗಸ್ತಿದ್ರೋ, ಎಬ್ಬಸ್ತಿದ್ರೋ?"

ಎದ್ದು ಬಂದೆ.

ಅಮ್ಮ ತೊಡೆಯ ಮೇಲೆ ನನ್ನ ತಲೆ ಇಟ್ಟುಕೊಂಡು ಕಿವಿಯ ಹಿಂದೆ ಉಗುರಿನಿಂದ ಮೆಲ್ಲಗೆ ಕೆರೆಯುತ್ತಿದ್ದಳು. ನನಗೆ ಮೀಸೆ ಬಂದ ಮೇಲೂ. ಅದನ್ನೆಲ್ಲ ಬಿಜಾಪುರದವರಿಗೆ ಯಾಕೆ ಹೇಳಬೇಕು.

೧೫ ಫೆಬ್ರವರಿ

ಕುರ್ಚಿಯನ್ನು ಮತ್ತೆ ಹೊರಗೆ ಹಾಕಿದೆ. ಮೈಗೆ ಬಲ ಬರಲಿಕ್ಕೆ ಮಾತ್ರ. ಮಾರ್ಚಿ ಹತ್ತಕ್ಕೆ ಧ್ವನಿ ನಡುಗಬಾರದು.

೨೨ ಫೆಬ್ರವರಿ

ಭಾಷಣದಿಂದ ಗಂಜಿಯ ವಿಷಯ ತೆಗೆದುಹಾಕಿದೆ. ಕಾಯಿಲೆಯ ಮಗುವಿಗೆ ಗಂಜಿ ಕುಡಿಸಿದ್ದನ್ನು ನಾಲ್ಕು ಜನರ ಮುಂದೆ ಹೇಳಿದರೆ ಸಣ್ಣತನ ನನ್ನದೇ ಆಗುತ್ತದೆ. ಮೇಜಿನ ಮೇಲೆ ಮಲಗಿಸಿಕೊಂಡದ್ದನ್ನೂ ತೆಗೆದೆ. ಅವನು ನಿದ್ದೆಯಲ್ಲಿ ಕಾಲು ಜಾಡಿಸಿ ನನ್ನನ್ನು ಕೆಳಗೆ ಬೀಳಿಸಿದ್ದ ಎಂದು ಹೇಳಬೇಕಾಗುತ್ತದೆ, ಜನ ನಗುತ್ತಾರೆ. ನಗುವ ಭಾಷಣ ಬೇಡ.

ಧಣಿಗಳು ಒಂದು ಒಲೆ ವಾಪಸ್ಸು ಕೊಟ್ಟರು. ಸಾಂಬಾರು ಸರಿಯಿತ್ತು.

೩ ಮಾರ್ಚಿ

ಹೋಟೆಲಿಗೆ ಬೀಗ ಬೀಳಲಿ ಎಂಬ ಶಾಪವನ್ನು ತೆಗೆದೆ. ಅಲ್ಲಿ ಕೆಲಸ ಮಾಡುವ ಅಂಗಾರ ಎಲ್ಲಿಗೆ ಹೋಗಬೇಕು? ಶಾಪ ಚೆನ್ನಯನಿಗೆ ಮಾತ್ರ ತಗಲಬೇಕು, ಅವನ ಹೆಂಡತಿಗಲ್ಲ, ಕೆಲಸದವರಿಗಲ್ಲ. ಎಲ್ಲರನ್ನೂ ಬಿಟ್ಟು ಅವನೊಬ್ಬನಿಗೇ ಸರಿಯಾಗಿ ತಗಲುವಂಥದ್ದು ಹುಡುಕುತ್ತಿದ್ದೇನೆ. ಇವತ್ತು ಸಿಗುವ ಮೊದಲೇ ಕುರ್ಚಿಯಲ್ಲೇ ತೂಕಡಿಕೆ ಬಂತು. ರಾಜೀವಿ ಎಬ್ಬಿಸಿ, "ಸೇಡಿನ ಹೊತ್ತಿನಲ್ಲಿ ಮಲಗಬಾರದು ಅಂತ ಇಂದ್ರಾಬಾಯಿ ಹೇಳಿಲ್ಲವಾ?" ಎಂದಳು. ಅವಳ ಬಾಯಿಗೆ ಯಾರೂ ಗುಳಿಗೆ ಬರೆದುಕೊಡುವುದಿಲ್ಲ.

೯ ಮಾರ್ಚಿ

ನಾಳೆ. ಬಿಳಿ ಪಂಚೆ ಇಸ್ತ್ರಿ ಮಾಡಿಸಿದೆ. ಭಾಷಣ ಈಗ ಚಿಕ್ಕದು. ಬೆರಳಿನಲ್ಲಿ ಎಣಿಸುವಷ್ಟು ಮಾತು. ಚಿಕ್ಕದಾದಷ್ಟು ಆಳಕ್ಕೆ ಇಳಿಯುತ್ತದೆ. ನಿನ್ನ ಮಗನನ್ನು ನಾಳೆ ಮುಗಿಸುತ್ತೇನೆ ಶೀಲಾ. ಕ್ಷಮಿಸು ಎನ್ನುವುದಿಲ್ಲ.

೧೦ ಮಾರ್ಚಿ, ಆದಿತ್ಯವಾರ

ಏನೆಂದು ಬರೆಯಲಿ.

ರಾಜೀವಿ ಬರಲಿಲ್ಲ. "ನಿಮ್ಮ ನಾಟಕ ನೋಡಲಿಕ್ಕೆ ನನಗೆ ಮನಸ್ಸಿಲ್ಲ," ಎಂದಳು. ಬೊರಿವಲಿಯಲ್ಲಿ ಹೊರಡುವ ಲೋಕಲ್, ಆದಿತ್ಯವಾರ, ಕಿಟಕಿಯ ಪಕ್ಕದ ಸೀಟು. ಗೋರೆಗಾಂವು ಎಷ್ಟು ದೂರ? ಕಾಂದಿವಲಿ, ಮಲಾಡ್, ಗೋರೆಗಾಂವು. ಮನಸ್ಸಿನಲ್ಲಿ ಮಾತುಗಳನ್ನು ಒಮ್ಮೆ ಹೇಳಿಕೊಂಡೆ. ಗಾಳಿ ತಂಪಾಗಿ ಬೀಸುತ್ತಿತ್ತು. ಕಾಂದಿವಲಿ ನೋಡಿದ ನೆನಪಿದೆ.

ಆಮೇಲೆ ಯಾರೋ ಭುಜ ಅಲುಗಿಸಿದರು. ಕಸ ಗುಡಿಸುವವನು. "ಉಠೋ ಚಾಚಾ, ಚರ್ಚ್‌ಗೇಟ್ ಆ ಗಯಾ." ಗೋರೆಗಾಂವು ದಾಟಿ ಲೈನಿನ ಕೊನೆಗೇ ಬಂದು ಮುಟ್ಟಿದ್ದೆ.

ಒಂದು ವರ್ಷ ಹಾಸಿಗೆಯಲ್ಲಿ ಬಾರದ ನಿದ್ದೆ ಸೇಡಿನ ದಾರಿಯಲ್ಲಿ ಬರಬೇಕೇ? ಇಂದ್ರಾಬಾಯಿಯನ್ನು ಬಾಯಿಗೆ ಬಂದಂತೆ ಬೈದೆ. ಮರಳುವ ಗಾಡಿ ಹಿಡಿದು, ಸೀಟು ಖಾಲಿಯಿದ್ದರೂ ಗೋರೆಗಾಂವಿನ ತನಕ ನಿಂತೇ ಬಂದೆ.

ಹೋಗಿ ಮುಟ್ಟುವಾಗ ಪೂಜೆ ಮುಗಿದು, ಊಟ ಮುಗಿದು, ಜನ ಹೋಗಿದ್ದರು. ಅಂಗಾರ ಎಲೆ ತೆಗೆಯುತ್ತಿದ್ದ. ಚೆನ್ನಯ ಒಬ್ಬನೇ ಗಲ್ಲಾದ ಮುಂದೆ ಕುಳಿತಿದ್ದ. ನನ್ನನ್ನು ನೋಡಿ ಎದ್ದು ನಿಂತ.

"ಬಂದಿರಾ ಮಾವ. ನಿಮ್ಮ ಎಲೆ ಹಾಗೇ ಇಟ್ಟಿದ್ದೇನೆ."

ಹೋಟೆಲಿನವನ ಅಭ್ಯಾಸ, ಕೈ ತಾನೇ ಹೋಗಿ ಮೇಜಿನ ಮೇಲೆ ಒಂದು ಲೋಟ ನೀರು ಇಟ್ಟಿತು. ಮರುಕ್ಷಣ ಅವನಿಗೇ ನೆನಪಾಗಿ ಲೋಟವನ್ನು ಹಿಂದೆ ಎಳೆದುಕೊಂಡ. "ದೂರು ಉಂಟಲ್ಲ," ಎಂದು ಮೆಲ್ಲಗೆ ಹೇಳಿದ.

ಆಗ ಅವನ ಕಣ್ಣು ನೋಡಿದೆ. ಆ ಕಣ್ಣು ನನಗೆ ಗೊತ್ತು. ಕನ್ನಡಿಯಲ್ಲಿ ಒಂದು ವರ್ಷ ನೋಡಿದ್ದೇನೆ.

"ನಿದ್ದೆ ಬರುತ್ತದಾ?"

"ಇಲ್ಲ ಮಾವ. ಬಸ್ಸಿನಲ್ಲಿ ನಾವಿಬ್ಬರು ಮಾತಾಡದೆ ಊರಿಗೆ ಹೋದೆವಲ್ಲ, ಅಲ್ಲಿಂದ."

ಮುಚ್ಚಿಡುವುದಿಲ್ಲ, ನನಗೆ ಸಂತೋಷವಾಯಿತು. ಹೊಟ್ಟೆ ತಣ್ಣಗಾಯಿತು. ದೈವ ಮಲಗಿಲ್ಲ ಎಂದುಕೊಂಡೆ.

ಅವನೇ ಮಾತು ಮುಂದುವರಿಸಿದ. "ಮರುದಿನಕ್ಕೆ ಎರಡು ಸೀಟು ಹೇಳಿಟ್ಟಿದ್ದೆ. ನಿಮಗೊಂದು, ನನಗೊಂದು. ಅಷ್ಟು ಜನರನ್ನು ಕರೆದಾಗಿತ್ತು, ನೀವು ಹೋದರೆ ಒಲೆ ಹಚ್ಚುವವರಿಲ್ಲ. ಒಂದು ದಿನ ಅಜ್ಜಿ ಕಾಯ್ತಾರೆ ಅಂತ ಎಣಿಸಿದೆ ಮಾವ."

"ಕಾಯಲಿಲ್ಲ," ಎಂದೆ.

ನನ್ನ ಭಾಷಣ ಅಷ್ಟೇ ಆಯಿತು. ಅಂಗಾರ ಎಲೆ ಹಿಡಿದುಕೊಂಡು ನಿಂತೇ ಇದ್ದ.

ಹೊರಡುವಾಗ ಮೆಟ್ಟಿಲಲ್ಲಿ ನನಗೆ ಅದು ಹೊಳೆಯಿತು: ಅವನೊಬ್ಬನಿಗೇ ತಗಲುವ ಸೇಡು. ತಿರುಗಿ ಹೇಳಿದೆ: "ಗುರುವಾರ ಬೆಳಿಗ್ಗೆ ನನ್ನ ಜೊತೆ ಆಸ್ಪತ್ರೆಗೆ ಬಾ. ಒಬ್ಬರು ಇದ್ದಾರೆ. ಹಾಸಿಗೆಯಲ್ಲಿ ಬಿದ್ದಾಗ ಏನು ಯೋಚನೆ ಬರುತ್ತದೆ ಅಂತ ಕೇಳುತ್ತಾರೆ. ಹೇಳಬೇಕು."

ಇದು ಕನಿಕರ ಎಂದು ಯಾರೂ ತಿಳಿಯಬಾರದು. ನಾನು ನೂರು ಜನರ ಮುಂದೆ ಹೇಳಿದ್ದರೆ ಅವನು ತಲೆ ತಗ್ಗಿಸಿ ಪಾರಾಗುತ್ತಿದ್ದ. ಆ ಕೋಣೆಯಲ್ಲಿ ತಲೆಯೆತ್ತಿ ತಾನೇ ಹೇಳಬೇಕು. ಅಜ್ಜಿ ಕರೆದಳು, ನಾನು ತಡೆದೆ ಎಂದು. ಅದಕ್ಕಿಂತ ದೊಡ್ಡ ಶಿಕ್ಷೆ ನನ್ನ ಕುರ್ಚಿಗೆ ಇಷ್ಟು ದಿನ ಸಿಕ್ಕಿರಲಿಲ್ಲ.

೧೪ ಮಾರ್ಚಿ, ಗುರುವಾರ

ಅವನಿಗೆ ದಾರಿ ಗೊತ್ತಿಲ್ಲ, ಹಾಗಾಗಿ ಕರೆದುಕೊಂಡು ಹೋದೆ. ಓಡಿಹೋಗಬಾರದೆಂದು ಹೊರಗೆ ಬೆಂಚಿನಲ್ಲಿ ಕಾದು ಕುಳಿತೆ. ಇಂದ್ರಾಬಾಯಿ ಬಾಗಿಲಿಗೆ ಬಂದು ಅವನನ್ನು ನೋಡಿ, ನನ್ನನ್ನು ನೋಡಿ, "ಇವರೇನ್ರೀ ಕಾಕಾ ಸರ್ವನಾಶ?" ಎಂದರು. ಹೌದು ಎಂದೆ. "ಬರ್ರಿ ಸರ್ವನಾಶ, ಒಳಗ ಬರ್ರಿ," ಎಂದು ಕರೆದುಕೊಂಡು ಹೋದರು.

ಬಹಳ ಹೊತ್ತಿನ ಮೇಲೆ ಹೊರಗೆ ಬಂದ. ಮುಖ ಊದಿತ್ತು. ಪಕ್ಕದಲ್ಲಿ ಕುಳಿತು, "ಬಾಯಿ ಒಣಗಿದೆ ಮಾವ," ಎಂದ. ಪಡಸಾಲೆಯ ಮೂಲೆಯಲ್ಲಿ ರೋಗಿಗಳಿಗೆಂದು ಮಣ್ಣಿನ ಮಡಕೆ ಇಟ್ಟಿದ್ದಾರೆ. ಅವನು ಬೊಗಸೆ ಒಡ್ಡಿದ, ನಾನು ಸುರಿದೆ. ಮತ್ತೆ ಒಡ್ಡಿದ, ಮತ್ತೆ ಸುರಿದೆ. ನೀರು ಆಸ್ಪತ್ರೆಯದು, ಲೋಟವೂ ಆಸ್ಪತ್ರೆಯದು. ನನ್ನದು ಅದರಲ್ಲಿ ಏನೂ ಇಲ್ಲ. ನಾಣ್ಯ ಮೊಳೆಯಲ್ಲಿ ಹಾಗೆಯೇ ಇದೆ. ಮನೆಗೆ ಬಂದ ಕೂಡಲೇ ನೋಡಿದೆ.

ಬರುವಾಗ ಲೋಕಲಿನಲ್ಲಿ ದಾದರ್ ದಾಟುವ ಮೊದಲೇ ಅವನ ತಲೆ ನನ್ನ ಭುಜಕ್ಕೆ ಬಿತ್ತು. ಬಾಯಿ ತೆರೆದುಕೊಂಡು ಮಲಗಿದ, ಮೇಜು ಜೋಡಿಸಿ ಮಲಗುತ್ತಿದ್ದ ಕಾಲದ ಹಾಗೆಯೇ. ಭುಜ ಮರಗಟ್ಟಿತು. ಗೋರೆಗಾಂವು ಬಂತು, ಜನ ಇಳಿದರು, ನಾನು ಎಬ್ಬಿಸಲಿಲ್ಲ. ಮಲಾಡ್ ಹೋಯಿತು, ಕಾಂದಿವಲಿ ಹೋಯಿತು. ಬೊರಿವಲಿಯಲ್ಲಿ ಗಾಡಿ ಪೂರ್ತಿ ಖಾಲಿಯಾಗಿ, ಮತ್ತೆ ಚರ್ಚ್‌ಗೇಟಿನ ಜನ ಹತ್ತತೊಡಗಿದರೂ ನಾನು ಅಲುಗದೆ ಕುಳಿತಿದ್ದೆ.

ಅವನ ಸ್ಟೇಷನ್ ತಪ್ಪಿದರೆ ತಪ್ಪಲಿ. ಅವನಿಗೆ ಹಾಗೆಯೇ ಆಗಬೇಕು.